ವಿಶ್ವಾಸದ ರಾಜನೀತಿ: ಸಿ. ಬಿ. ಮುತ್ತಮ್ಮನವರ ಬಾಳಿನ ವಿಮರ್ಶೆ

ಕೊಡಗಿನ ವಿರಾಜಪೇಟೆಯಲ್ಲಿ 1924ರಲ್ಲಿ ಜನಿಸಿದ ಚೋನಿರ ಬೆಳ್ಳಿಯಪ್ಪ ಮುತ್ತಮ್ಮನವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ತಾಯಿಯ ಆಸರೆಯಲ್ಲಿ ಬೆಳೆದರು. ಮಡಿಕೇರಿಯಲ್ಲಿಯೂ ಮದರಾಸಿನಲ್ಲಿಯೂ ವಿದ್ಯಾಭ್ಯಾಸ ಮಾಡಿ, 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಯನ್ನು ಸೇರಿದ ಪ್ರಥಮ ಮಹಿಳೆಯೆನಿಸಿದರು. ವಿಜಯಲಕ್ಷ್ಮಿ ಪಂಡಿತರು ಅದಕ್ಕೆ ಮೊದಲೇ ರಾಯಭಾರಿಯಾಗಿದ್ದರು, ನಿಜ. ಆದರೆ ಸೇವೆಯ ಒಳಗಿನಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿ, 1970ರಲ್ಲಿ ಹಂಗೇರಿಗೆ ರಾಯಭಾರಿಯಾದ ಮೊದಲಿಗರು ಮುತ್ತಮ್ಮನವರೇ. ಮುಂದೆ ಘಾನಾದಲ್ಲಿಯೂ ನೆದರ್‌ಲ್ಯಾಂಡ್ಸಿನಲ್ಲಿಯೂ ಅದೇ ಪದವಿಯನ್ನು ವಹಿಸಿದರು.

ಈ ಏರಿಕೆ ಸುಗಮವಾಗಿರಲಿಲ್ಲ. 1961ರ ಸೇವಾನಿಯಮವೊಂದರಂತೆ, ಮಹಿಳಾ ಅಧಿಕಾರಿಯು ವಿವಾಹವಾಗಲು ಸರಕಾರದ ಲಿಖಿತ ಅಪ್ಪಣೆಯನ್ನು ಪಡೆಯಬೇಕಾಗಿತ್ತು. ಸಂಸಾರದ ಹೊಣೆಯು ಕೆಲಸಕ್ಕೆ ಅಡ್ಡಿಯಾದೀತೆಂದು ಸರಕಾರಕ್ಕೆ ತೋರಿದರೆ ರಾಜೀನಾಮೆಯನ್ನೂ ಕೊಡಬೇಕಾಗಿತ್ತು. ಪುರುಷರಿಗೆ ಈ ಕಟ್ಟಳೆಯಿಲ್ಲ. ಬಡ್ತಿಯಲ್ಲಿ ತಮ್ಮನ್ನು ಹಿಂದಿಕ್ಕಿದಾಗ ಮುತ್ತಮ್ಮನವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಅರ್ಜಿಯು ವಿಚಾರಣೆಯಲ್ಲಿರುವಾಗಲೇ ಬಡ್ತಿ ದೊರೆಯಿತು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರರು ಬರೆದ ತೀರ್ಪು ಆ ನಿಯಮದ ಪಕ್ಷಪಾತವನ್ನು ನಿಷ್ಠುರವಾಗಿ ಖಂಡಿಸಿ, ಅವರ ಜ್ಯೇಷ್ಠತೆಯನ್ನು ಪುನಃ ಪರಿಶೀಲಿಸುವಂತೆ ಆಜ್ಞಾಪಿಸಿತು. ಆದರೆ ಸರಕಾರವೇ ನಿಯಮವನ್ನು ತೆಗೆದುಹಾಕುವುದೆಂಬ ಭರವಸೆಯ ಮೇಲೆ ಅರ್ಜಿಯು ವಜಾ ಆಯಿತು. ಖಂಡನೆಯ ಕಾವಿಗೆ ತಕ್ಕ ಪೆಟ್ಟು ತೀರ್ಪಿನ ಕೊನೆಯಲ್ಲಿ ಬೀಳಲಿಲ್ಲವೆಂಬ ಕೊರತೆಯನ್ನು ವಿಮರ್ಶಕನು ಮರೆಮಾಚಲಾಗದು.

1980ರಲ್ಲಿ ಸ್ವೀಡನ್ನಿನ ಓಲೋಫ್ ಪಾಲ್ಮೆಯವರ ಅಧ್ಯಕ್ಷತೆಯಲ್ಲಿ ನಿರಸ್ತ್ರೀಕರಣ ಮತ್ತು ಭದ್ರತೆಗಳನ್ನು ಕುರಿತ ಸ್ವತಂತ್ರ ಆಯೋಗವು ಏರ್ಪಟ್ಟಾಗ, ಭಾರತದಿಂದ ಅದರ ಸದಸ್ಯರಾದವರು ಮುತ್ತಮ್ಮನವರು. ಅಮೆರಿಕದ ಸೈರಸ್ ವಾನ್ಸ್, ಸೋವಿಯತ್ ದೇಶದ ಅರ್ಬಾತೋವ್, ಮೆಕ್ಸಿಕೋದ ಗಾರ್ಸಿಯಾ ರೋಬ್ಲೆಸ್ ಮೊದಲಾದವರು ಅವರ ಸಹಸದಸ್ಯರು. 1982ರಲ್ಲಿ ಹೊರಬಿದ್ದ ವರದಿಯ ಸಾರವಿಷ್ಟು: ಅಣ್ವಸ್ತ್ರಗಳ ಯುಗದಲ್ಲಿ ಶತ್ರುವನ್ನು ಹೆದರಿಸಿ ಯಾರೂ ನಿರ್ಭಯರಾಗಲಾರರು, ಅವನೊಡಗೂಡಿಯೇ ಭದ್ರತೆಯನ್ನು ಪಡೆಯಬೇಕು. ಮಧ್ಯ ಯೂರೋಪಿನ ಗಡಿಯ ಎರಡೂ ಕಡೆ 150 ಕಿಲೋಮೀಟರಿನಷ್ಟು ನೆಲದಲ್ಲಿ ರಣಾಂಗಣದ ಅಣ್ವಸ್ತ್ರಗಳಿರಬಾರದೆಂಬುದು ಅದರ ಸಲಹೆಗಳಲ್ಲೊಂದು.

ಈ ಎರಡು ಪ್ರಸಂಗಗಳಿಗೂ ಬೇರು ಒಂದೇ. ತಪ್ಪು ನಡೆಯುವ ಮೊದಲೇ ಹೆಣ್ಣನ್ನು ಶಂಕಿಸಿದ ನಿಯಮಕ್ಕೂ, ನೆರೆಯವನನ್ನು ಶಂಕಿಸಿ ಶಸ್ತ್ರಗಳನ್ನು ರಾಶಿಹಾಕುವ ನೀತಿಗೂ ಅವಿಶ್ವಾಸವೇ ತಳಹದಿ. ಆದರೂ ವರದಿಯ ಮಿತಿಯನ್ನು ಹೇಳದಿರಲಾಗದು. ಮೊದಲು ಶಸ್ತ್ರವನ್ನು ಕೆಳಗಿಡುವವರು ಯಾರೆಂಬ ಪ್ರಶ್ನೆಗೆ ಅದರ ಉತ್ತರವು ದುರ್ಬಲ. ಅದರ ನಕಾಶೆಯಲ್ಲಿ ಯೂರೋಪು ದೊಡ್ಡದು, ಏಷ್ಯಾ ಚಿಕ್ಕದು. 1974ರಲ್ಲಿ ಪೋಖರಣದಲ್ಲಿ ಅಣುಸ್ಫೋಟ ನಡೆಸಿದ್ದ ಭಾರತವು 1998ರಲ್ಲಿ ಪುನಃ ಅದೇ ದಾರಿಯನ್ನು ಹಿಡಿಯಿತು. ಕೆಲವೇ ದಿನಗಳಲ್ಲಿ ಪಾಕಿಸ್ತಾನವೂ ಹಿಂಬಾಲಿಸಿತು. ವರದಿಯು ಸೋತಿತೆಂದು ಇದರಿಂದ ಹೇಳುವುದಕ್ಕಿಂತ, ಅದು ಅಂಜಿದ ಅಪಾಯವು ನಮ್ಮ ಅಂಗಳಕ್ಕೇ ಬಂದಿತೆನ್ನುವುದು ಹೆಚ್ಚು ಸರಿ.

ಮುತ್ತಮ್ಮನವರು 2009ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಕಾರವಾರದ ನೌಕಾನೆಲೆಯ ನೆರೆಯಲ್ಲಿ ಬಾಳುವ ಕುಮಟಾ, ಹೊನ್ನಾವರ, ಭಟ್ಕಳಗಳ ಮನೆಮಂದಿಗೆ ಯುದ್ಧ-ಶಾಂತಿಗಳ ವಿಚಾರವು ದೂರದೇಶದ ವಾರ್ತೆಯಲ್ಲ. ಕಚೇರಿಯ ಕಡತದಲ್ಲಿ ನ್ಯಾಯವನ್ನು ಕೇಳಿದವಳೇ ಲೋಕದ ಸಭೆಯಲ್ಲಿ ಶಾಂತಿಯನ್ನು ಕೇಳಿದಳೆಂಬುದು ಅವರು ಮನನ ಮಾಡತಕ್ಕ ಸಂಗತಿ.