ಮರೀನಾದ ಪ್ರತಿಮೆ, ಸಸೂನ್ ಡಾಕಿನ ಮುಖಗಳು

ಗಾಳಿಬೀಡಿನಲ್ಲಿ ಕಡಲಿಲ್ಲ. ಆದರೂ ಘಟ್ಟ ಹತ್ತಿ ಬರುವ ಬಂಗುಡೆ, ಬೂತಾಯಿ ಇಲ್ಲಿನ ಅಡುಗೆಮನೆಗಳನ್ನು ತಲುಪುತ್ತವೆ. ಪಕ್ಕದ ಮಡಿಕೇರಿಗೆ ಹೋದರೆ ಕಾರ್ಯಪ್ಪ, ತಿಮ್ಮಯ್ಯನವರ ಪ್ರತಿಮೆಗಳಿವೆ. ಯೋಧರನ್ನು ಕೊಡಗು ಮರೆತಿಲ್ಲ, ಅದು ಸರಿಯೇ. ಜೀವ ಒತ್ತೆಯಿಟ್ಟು ಕಡಲಿಗಿಳಿಯುವವರನ್ನು ನಮ್ಮ ಸಾರ್ವಜನಿಕ ಕಲೆ ಹೇಗೆ ಕಂಡಿದೆ ಎಂದು ಹುಡುಕಲು ಹೊರಟರೆ ಮಾತ್ರ ಬಹಳ ದೂರ ಹೋಗಬೇಕಾಗುತ್ತದೆ.

ಚೆನ್ನೈನ ಮರೀನಾ ತೀರದಲ್ಲಿ ದೇವಿಪ್ರಸಾದ್ ರಾಯ್ ಚೌಧುರಿಯವರ ‘ಶ್ರಮದ ವಿಜಯ’ 1959ರಿಂದ ನಿಂತಿದೆ. ನಾಲ್ವರು ಕಾರ್ಮಿಕರು ಬಂಡೆಯೊಂದನ್ನು ಸರಿಸುತ್ತಿದ್ದಾರೆ. ಬಿಗಿದ ಸ್ನಾಯು, ಬಾಗಿದ ಬೆನ್ನು. ಆ ಕಲ್ಲಿನ ಭಾರ ನೋಡುವವರ ಮೈಗೂ ತಾಗುತ್ತದೆ. ದೊಡ್ಡ ಶಿಲ್ಪ, ಅನುಮಾನವಿಲ್ಲ. ಆದರೆ ಅದೇ ಮರಳಿನ ಮೇಲೆ ತಲೆತಲಾಂತರದಿಂದ ಬಲೆ ಹರಡಿದವರು ಅದರಲ್ಲಿಲ್ಲ. 1985ರಲ್ಲಿ ಮರೀನಾವನ್ನು ಚಂದಗಾಣಿಸುವ ಹೆಸರಿನಲ್ಲಿ ಅವರ ದೋಣಿ, ಬಲೆಗಳನ್ನು ತೆರವುಗೊಳಿಸಲು ಸರಕಾರ ಮುಂದಾಯಿತು. ಪ್ರತಿಭಟಿಸಿದವರ ಮೇಲೆ ಗೋಲಿಬಾರ್ ಕೂಡಾ ನಡೆಯಿತು. ಶ್ರಮವನ್ನು ಕೊಂಡಾಡುವ ಪ್ರತಿಮೆ ಇರುವ ದಡದಲ್ಲೇ ಶ್ರಮಿಕನ ದೋಣಿ ಅಂದಗೇಡಿಯಾಗಿ ಕಂಡಿತು!

ಮುಂಬೈಯ ಸಸೂನ್ ಡಾಕ್ ಬೇರೆ ದಾರಿ ಹಿಡಿಯಿತು. 1875ರ ಈ ಹಳೆಯ ಧಕ್ಕೆಯಲ್ಲಿ ಇಂದಿಗೂ ಬೆಳಗಾಗುವ ಮೊದಲೇ ಮೀನಿನ ವ್ಯಾಪಾರ. 2017ರ ಕೊನೆಯಲ್ಲಿ ಸ್ಟಾರ್ಟ್ ಇಂಡಿಯಾ ಸಂಸ್ಥೆ ಅಲ್ಲಿ ಕಲಾ ಪ್ರದರ್ಶನ ಏರ್ಪಡಿಸಿದಾಗ, ಅಲ್ಲಿಯೇ ದುಡಿಯುವ ಕೋಳಿ ಸಮುದಾಯದವರ ಕಪ್ಪು-ಬಿಳುಪು ಭಾವಚಿತ್ರಗಳನ್ನು ಗೋಡೆಯೆತ್ತರಕ್ಕೆ ಅಂಟಿಸಲಾಯಿತು. ಫ್ರಾನ್ಸಿನ ಜೆಆರ್ 2011ರಲ್ಲಿ ಆರಂಭಿಸಿದ ‘ಇನ್‌ಸೈಡ್ ಔಟ್’ ಯೋಜನೆಯ ಕ್ರಮವಿದು. ಕಲೆ ನೋಡಲು ಬಂದವರು ಮೀನಿನ ವಾಸನೆಯ ನಡುವೆಯೇ ನಡೆಯಬೇಕಿತ್ತು. ನನಗೆ ಮೆಚ್ಚುಗೆಯಾದದ್ದು ಇದು. ಸ್ನಾಯುಗಳಿಗಿಂತ ಮುಖ ಹೆಚ್ಚು ಮಾತನಾಡುತ್ತದೆ. ಮೀನುಗಾರಿಕೆಯ ಅರ್ಧ ಭಾರ ಹೊರುವ ಹೆಂಗಸರೂ ಇಲ್ಲಿ ಕಾಣಿಸಿಕೊಂಡರು. ಕಾಗದ ಮಳೆಗೆ ಕಿತ್ತುಹೋಗುತ್ತದೆ ಎಂಬ ಆಕ್ಷೇಪವಿದೆ. ಇರಲಿ, ಕಂಚಿಗೆ ಖರ್ಚು ಮಾಡಿ ಆಳನ್ನೇ ಮರೆಯುವುದಕ್ಕಿಂತ ಅದು ವಾಸಿ.

ನಮ್ಮ ಕರಾವಳಿಗೂ ಇಂಥ ಗೋಡೆ ಬೇಕು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಏಳು ಮಂದಿಯೊಂದಿಗೆ ಕಾಣೆಯಾಯಿತು. ಅವಶೇಷ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣದ ಸಮುದ್ರದಲ್ಲಿ. ಬಂದರಿನ ಗೋಡೆಗೆ ಬಣ್ಣ ಹಚ್ಚಲು ಹೊರಡುವ ಕಲಾವಿದರು ಅಲೆ, ಸೂರ್ಯಾಸ್ತ, ತೆಂಗಿನಮರ ಬರೆಯುವ ಮೊದಲು ಆ ಏಳು ಮನೆಗಳ ಬಾಗಿಲಿಗೆ ಹೋಗಲಿ. ಅವರು ಒಪ್ಪಿದರೆ ಫೋಟೋ ಕೇಳಿ ಪಡೆಯಲಿ. ಹೆಸರನ್ನು ದೂರದಿಂದಲೂ ಓದಲು ಬರುವಷ್ಟು ದಪ್ಪಕ್ಷರದಲ್ಲಿ ಬರೆಯಲಿ.