ತಿಂಡಿ ಅಂದ್ರ ಏನ್ರಿ?

ನಮ್ಮ ಆಫೀಸಿನ ವಾಟ್ಸ್‌ಆ್ಯಪ್ ಗುಂಪಿಗೆ ಪ್ರತಿ ನವೆಂಬರ್‌ನಲ್ಲಿ ಒಂದು ಪಟ್ಟಿ ತಪ್ಪದೆ ಬರುತ್ತೆ. ಎಡಗಡೆ ಬೆಂಗಳೂರು ಕನ್ನಡ, ಬಲಗಡೆ ಉತ್ತರ ಕರ್ನಾಟಕದ ಕನ್ನಡ. ಈರುಳ್ಳಿ – ಉಳ್ಳಾಗಡ್ಡಿ. ಆಲೂಗಡ್ಡೆ – ಬಟಾಟಿ. ಕಡಲೆಕಾಯಿ – ಶೇಂಗಾ. ಒಬ್ಬಟ್ಟು – ಹೋಳಿಗಿ. ಕೆಳಗೆ ಸಾಲಾಗಿ ನಗುವ ಮುಖಗಳು. ಆಮೇಲೆ ಯಾರಾದರೂ ಒಬ್ಬರು, "ಅಥಣಿ ಗುರು, ಒಂದು ಡೈಲಾಗ್ ಹೊಡಿ" ಅಂತಾರೆ. ನಾನೂ ಹೊಡೀತೀನಿ. ಹನ್ನೊಂದು ವರ್ಷದಿಂದ ಹೊಡೀತಾನೇ ಇದೀನಿ.

ಈ ಪಟ್ಟಿ ಈಗ ಒಂದು ಸಾಹಿತ್ಯ ಪ್ರಕಾರವೇ ಆಗಿಬಿಟ್ಟಿದೆ. ರೀಲ್ಸ್‌ನಲ್ಲಿ ಇದೆ, ಸ್ಟ್ಯಾಂಡ್‌ಅಪ್‌ನಲ್ಲಿ ಇದೆ, ಖಾನಾವಳಿಯ ಮೆನು ಕಾರ್ಡಿನ ಹಿಂಬದಿಯಲ್ಲೂ ಇದೆ. ಅದು ನಗಿಸುತ್ತೆ ಅನ್ನೋದು ನನ್ನ ತಕರಾರಲ್ಲ, ನಗಿಸಲಿ. ಅದು ತಪ್ಪು ಪದಗಳನ್ನ ಆರಿಸಿಕೊಳ್ಳುತ್ತೆ ಅನ್ನೋದು ನನ್ನ ತಕರಾರು.

ಯೋಚನೆ ಮಾಡಿ. ಉಳ್ಳಾಗಡ್ಡಿ ಅಂದ್ರೆ ಏನಂತ ಗೊತ್ತಿಲ್ಲದವರು ಕೇಳ್ತಾರೆ. ಕೇಳಿದರೆ ಗೊತ್ತಾಗುತ್ತೆ, ಅಲ್ಲಿಗೆ ಮುಗೀತು. ಅದರಿಂದ ಯಾರಿಗೂ ಹಾನಿ ಆಗಿಲ್ಲ. ಹಾನಿ ಆಗೋದು ಎರಡೂ ಕಡೆ ಒಂದೇ ಪದ ಇದ್ದು, ಅರ್ಥ ಮಾತ್ರ ಬೇರೆ ಇದ್ದಾಗ. ಆಗ ಯಾರೂ ಕೇಳೋದಿಲ್ಲ, ಯಾಕಂದ್ರೆ ಎಲ್ಲರಿಗೂ ಅರ್ಥ ಆಗಿರುತ್ತೆ.

ಉದಾಹರಣೆಗೆ 'ಪುಟಾಣಿ'. ಅಥಣಿಯ ಕಿರಾಣಿ ಅಂಗಡಿಯಲ್ಲಿ ಕಾಲು ಕಿಲೋ ಪುಟಾಣಿ ಅಂದ್ರೆ ಹುರಿಗಡಲೆ ಕಟ್ಟಿಕೊಡ್ತಾರೆ. ಬೆಂಗಳೂರಿನಲ್ಲಿ ಪುಟಾಣಿ ಅಂದ್ರೆ ಚಿಕ್ಕ ಮಗು. 1979ರಲ್ಲಿ ಬಂದ 'ಪುಟಾಣಿ ಏಜೆಂಟ್ 123' ಸಿನಿಮಾದ ಹೆಸರು ಮೊದಲ ಸಲ ಕೇಳಿದಾಗ ನನ್ನ ತಲೆಗೆ ಬಂದದ್ದು ಹುರಿಗಡಲೆಯ ಸಗಟು ವ್ಯಾಪಾರಿ. 'ಚುರುಮುರಿ' ಮೈಸೂರಲ್ಲಿ ಕ್ಯಾರೆಟ್ಟು, ಈರುಳ್ಳಿ, ಖಾರ ಕಲಸಿ ಪೊಟ್ಟಣ ಕಟ್ಟಿಕೊಡುವ ತಿನಿಸು. ನಮ್ಮಲ್ಲಿ ಅದು ಏನೂ ಕಲಸದ ಬರೀ ಮಂಡಕ್ಕಿ.

'ಜೋಳ' ತಗೊಳ್ಳಿ. ನಮ್ಮವ್ವ ಒಮ್ಮೆ ಇಲ್ಲಿಗೆ ಬಂದಾಗ ಸೂಪರ್‌ಮಾರ್ಕೆಟ್ಟಿನ ಹುಡುಗನಿಗೆ "ಜೋಳ ಐತೇನಪ್ಪಾ" ಅಂತ ಕೇಳಿದಳು. ಅವನು ಬಹಳ ಮರ್ಯಾದೆಯಿಂದ ಸ್ವೀಟ್ ಕಾರ್ನ್ ತಂದುಕೊಟ್ಟ. ನಮಗೆ ಅದು ಗೊಂಜಾಳ. ಜೋಳ ಅಂದ್ರೆ ರೊಟ್ಟಿಯ ಜೋಳ. ಹಳೆಗನ್ನಡದಲ್ಲಿ 'ಜೋಳದ ಪಾಳಿ' ಅಂತ ಒಂದು ಮಾತಿದೆ, ಅನ್ನ ಹಾಕಿದ ಒಡೆಯನಿಗೆ ಸೈನಿಕ ತೀರಿಸಬೇಕಾದ ಋಣ. ಆ ಜೋಳವೂ ಗೊಂಜಾಳ ಅಲ್ಲ. ಅಮೆರಿಕ ಖಂಡದಿಂದ ಮುಸುಕಿನ ಜೋಳ ಇಲ್ಲಿಗೆ ಬರೋಕೆ ಆಗ ಇನ್ನೂ ಎಷ್ಟೋ ಶತಮಾನ ಬಾಕಿ ಇತ್ತು.

ಇದು ನಮ್ಮೊಬ್ಬರ ಕತೆಯಲ್ಲ. ಇದೇ ಪದದ ಮೇಲೆ ಇಂಗ್ಲಿಷರಿಗೂ ಅಮೆರಿಕನ್ನರಿಗೂ ಇದೇ ಗೊಂದಲ. ಇಂಗ್ಲೆಂಡಿನಲ್ಲಿ 1815ರಿಂದ 1846ರವರೆಗೆ ಇದ್ದ 'ಕಾರ್ನ್ ಲಾ'ಗಳು ಗೋಧಿ ಮೊದಲಾದ ಧಾನ್ಯಗಳ ಆಮದಿನ ಬಗ್ಗೆ ಇದ್ದವು. ಅಮೆರಿಕದಲ್ಲಿ ಕಾರ್ನ್ ಅಂದ್ರೆ ಮುಸುಕಿನ ಜೋಳ. ಅಮೆರಿಕದ ಹೋಟೆಲಿನಲ್ಲಿ 'ಆಂಟ್ರೇ' ಅಂದ್ರೆ ಮುಖ್ಯ ಊಟ, ಆಸ್ಟ್ರೇಲಿಯಾದಲ್ಲಿ ಊಟಕ್ಕೆ ಮುಂಚಿನ ಸಣ್ಣ ಪ್ಲೇಟು. ಒಂದು ವಿಷಯವನ್ನ 'ಟೇಬಲ್' ಮಾಡೋಣ ಅಂದ್ರೆ ಬ್ರಿಟಿಷರಿಗೆ ಈಗಲೇ ಚರ್ಚೆಗೆ ತಗೊಳ್ಳೋಣ ಅಂತ, ಅಮೆರಿಕನ್ನರಿಗೆ ಸದ್ಯಕ್ಕೆ ಬದಿಗಿಡೋಣ ಅಂತ. ಎರಡನೇ ಮಹಾಯುದ್ಧದ ಹೊತ್ತಲ್ಲಿ ಎರಡೂ ದೇಶದ ಅಧಿಕಾರಿಗಳು ಈ ಒಂದು ಪದಕ್ಕೆ ಬಹಳ ಹೊತ್ತು ಜಗಳ ಆಡಿ, ಕೊನೆಗೆ ಇಬ್ಬರೂ ಒಂದೇ ಮಾತು ಹೇಳ್ತಿದ್ದೇವೆ ಅಂತ ಅರಿತುಕೊಂಡರು ಅಂತ ಚರ್ಚಿಲ್ ಬರೆದುಕೊಂಡಿದ್ದಾರೆ.

ಈ 'ಟೇಬಲ್' ಕತೆ ನಾನು ಓದಿ ತಿಳಿದದ್ದಲ್ಲ. ಆನ್‌ಸೈಟ್ ಹೋಗೋ ಮುಂಚೆ ಕಂಪನಿ ಕೊಟ್ಟ ಎರಡು ದಿನದ ತರಬೇತಿಯಲ್ಲಿ ಕೇಳಿದ್ದು. ಲಂಡನ್ನಿನ ಕ್ಲೈಂಟ್ ಮುಂದೆ ಎಡವಬಾರದು ಅಂತ ನಮಗೆ ಪಾಠ ಇದೆ, ಸ್ಲೈಡ್ ಇದೆ, ಕೊನೆಗೆ ಪರೀಕ್ಷೆ ಇದೆ. ಆರುನೂರು ಕಿಲೋಮೀಟರ್ ಆಸುಪಾಸಿನ ಅಥಣಿಗೆ ಮಾತ್ರ ಒಂದು ನಗುವ ಮುಖ.

ಈಗ 'ತಿಂಡಿ'ಗೆ ಬರ್ತೀನಿ. ಬೆಂಗಳೂರಿನಲ್ಲಿ ತಿಂಡಿ ಅಂದ್ರೆ ಬೆಳಗಿನ ಇಡ್ಲಿ, ದೋಸೆ, ಖಾರಾಬಾತು. ನಮ್ಮಲ್ಲಿ ಅದಕ್ಕೆ ನಾಷ್ಟಾ ಅಂತೀವಿ. ನಮ್ಮ ಕಡೆ 'ತಿಂಡಿ' ಅಂದ್ರೆ ತುರಿಕೆ, ಮೈ ಕೆರೆತ. ನಾವು ತಿನ್ನೋದು ಅವರ ತಿಂಡಿ, ನಮ್ಮ ಮೈ ತಿನ್ನೋದು ನಮ್ಮ ತಿಂಡಿ.

ಎರಡು ವರ್ಷದ ಹಿಂದೆ ಅವ್ವ ನನ್ನ ಮನೆಗೆ ಬಂದಿದ್ದಳು. ಕೆಮ್ಮು ಬಿಡಲಿಲ್ಲ ಅಂತ ಒಂದು ಆಸ್ಪತ್ರೆಯಲ್ಲಿ ಐದು ದಿನಕ್ಕೆ ಆ್ಯಂಟಿಬಯಾಟಿಕ್ ಕೊಟ್ಟಿದ್ದರು. ಮೂರನೇ ದಿನ ಮತ್ತೆ ತೋರಿಸೋಕೆ ಕರಕೊಂಡು ಹೋದೆ. ನಾನು ಹೊರಗೆ ಕಾರಿಡಾರಿನಲ್ಲಿ ಕಾಲ್ ಮೇಲಿದ್ದೆ. ಒಳಗೆ ಅವ್ವ ಹೇಳಿದ್ದು ಇಷ್ಟು: "ಗುಳಿಗಿ ತಗೊಂಡ ಮ್ಯಾಲ ತಿಂಡಿ ಬಿಟ್ಟೈತ್ರಿ." ಡಾಕ್ಟರು ಪಾಪ ಕನ್ನಡದವರೇ, ಒಳ್ಳೆಯವರೇ. "ತಿಂಡಿ ಬಿಡಬಾರದು ಅಮ್ಮ. ಬೆಳಗ್ಗೆ ಹೊಟ್ಟೆ ತುಂಬ ತಿಂದೇ ಮಾತ್ರೆ ತಗೊಳ್ಳಿ. ಕೋರ್ಸ್ ಪೂರ್ತಿ ಮುಗಿಸಬೇಕು" ಅಂದರಂತೆ. ಅವ್ವ ತಲೆಯಾಡಿಸಿ ಎದ್ದು ಬಂದಳು. ದೊಡ್ಡ ಡಾಕ್ಟರು ಹೇಳಿದ ಮೇಲೆ ಮುಗೀತಲ್ಲ.

ರಾತ್ರಿ ಹನ್ನೊಂದಕ್ಕೆ ಮೈಯೆಲ್ಲ ದದ್ದು. ತುಟಿ ಊದಿತ್ತು. ಬೇರೆ ಆಸ್ಪತ್ರೆಯ ಎಮರ್ಜೆನ್ಸಿಗೆ ಒಯ್ದೆ. ಅಲರ್ಜಿ, ಆ ಗುಳಿಗಿಯನ್ನ ಮತ್ತೆಂದೂ ಮುಟ್ಟಬಾರದು ಅಂದ್ರು. ಸ್ವಲ್ಪ ತಡ ಆಗಿದ್ದರೆ ಉಸಿರಾಟಕ್ಕೂ ತೊಂದರೆ ಆಗ್ತಿತ್ತು ಅಂದ್ರು.

ಇಲ್ಲಿ ಡಾಕ್ಟರ್ ಮೇಲೆ ಸಿಟ್ಟು ಮಾಡೋದು ಸುಲಭ. ಅದಕ್ಕಿಂತ ಸುಲಭ, ನಮ್ಮದೇ ಅಸಲಿ ಕನ್ನಡ ಅಂತ ಮೀಸೆ ತಿರುವೋದು. ಒಂಬತ್ತನೇ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡು ಅಂತ ಹೆಸರಿಸಿದ ಊರುಗಳಲ್ಲಿ ಒಂದಾದ ಒಕ್ಕುಂದ ನಮ್ಮ ಬೆಳಗಾವಿ ಜಿಲ್ಲೆಯದೇ. ಈ ವಾದ ನಾನೂ ಎಷ್ಟೋ ಸಲ ಮಾಡಿದೀನಿ. ಆದರೆ ಅದೇ ಪುಸ್ತಕ 'ಕನ್ನಡಂಗಳ್' ಅಂತ ಬಹುವಚನವನ್ನೂ ಬಳಸುತ್ತೆ. ಈ ಭೇದಗಳನ್ನೆಲ್ಲ ಲೆಕ್ಕ ಹಾಕಿ ಮುಗಿಸೋಕೆ ಆಗಲ್ಲ ಅಂತ ಆಗಲೇ ಒಪ್ಪಿಕೊಂಡಿದೆ. ಮತ್ತೆ ಅಸಲಿ ಅನ್ನೋದಾದರೂ ಯಾವುದು? ನಮ್ಮ 'ಬಟಾಟಿ' ಪೋರ್ತುಗೀಸರಿಂದ ಮರಾಠಿ ಹಾದು ಬಂದದ್ದು. ಅವರ 'ಆಲೂಗಡ್ಡೆ'ಯಲ್ಲಿ ಆಲೂ ಉತ್ತರದ್ದು, ಗಡ್ಡೆ ಮಾತ್ರ ನಮ್ಮದು.

ನನ್ನ ದೂರು ಬೇರೆ. ಸಿನಿಮಾ ನೋಡಿ. ವೈಜನಾಥ ಬಿರಾದಾರರಂಥ ನಟನನ್ನ ನಾವು ವರ್ಷಗಟ್ಟಲೆ ಭಿಕ್ಷುಕನಾಗಿ, ಕುಡುಕನಾಗಿ ನೋಡಿ ನಕ್ಕೆವು. ಗಿರೀಶ ಕಾಸರವಳ್ಳಿ 2010ರಲ್ಲಿ 'ಕನಸೆಂಬ ಕುದುರೆಯನೇರಿ'ಯಲ್ಲಿ ಮುಖ್ಯ ಪಾತ್ರ ಕೊಟ್ಟಾಗಲೇ ಆ ಮನುಷ್ಯನೊಳಗೆ ಎಂಥ ನಟ ಇದ್ದಾನೆ ಅಂತ ನಮ್ಮಲ್ಲಿ ಬಹಳ ಮಂದಿಗೆ ಕಂಡದ್ದು. ಒಂದು ಮಾತಿನ ಧಾಟಿ ಕೇಳಿದ ಕೂಡಲೆ ನಗೋದು ಅಭ್ಯಾಸ ಆದರೆ, ಆ ಧಾಟಿಯಲ್ಲಿ ಏನು ಹೇಳ್ತಿದ್ದಾರೆ ಅನ್ನೋದು ಕಿವಿಗೆ ಬೀಳೋದು ನಿಂತುಹೋಗುತ್ತೆ. ಪಟ್ಟಿ, ರೀಲ್ಸು, ಮೆನು ಎಲ್ಲಾ ಮಾಡ್ತಿರೋದು ಇದನ್ನೇ. ಅವು ನಮಗೆ ಪದ ಕಲಿಸ್ತಾವೆ, ಕೇಳೋದನ್ನ ಮರೆಸ್ತಾವೆ.

ಇದು ನನಗೆ ಹೇಗೆ ಗೊತ್ತಾಯ್ತು ಅಂದ್ರೆ, ಆಸ್ಪತ್ರೆಗೆ ಹೋದ ಆ ದಿನ ಬೆಳಗ್ಗೆ ಅವ್ವ ಅದೇ ಮಾತು ಮೊದಲು ನನಗೇ ಹೇಳಿದ್ದಳು. ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಇಡ್ಲಿ ತರಿಸ್ಲಾ?" ಅಂದಿದ್ದೆ.

ಅಥಣಿಯಲ್ಲಿ ಹುಟ್ಟಿ ಬೆಳೆದವನು ನಾನು. ಆ ಪದ ನನ್ನದು.

ಅವ್ವ ಗುಣವಾದ ಮೇಲೆ, "ಇನ್ಮ್ಯಾಲ ಡಾಕ್ಟರ್ ಮುಂದ ತುರಿಕೆ ಅನ್ನು, ತಿಂಡಿ ಅನ್ನಬ್ಯಾಡ" ಅಂತ ಬುದ್ಧಿ ಹೇಳಿದೆ. ಅವಳು ರೊಟ್ಟಿ ಬಡಿಯೋದನ್ನ ನಿಲ್ಲಿಸಲಿಲ್ಲ. "ಅಂತೀನಿ ತಗೋ. ಆದ್ರ ಅವರೂ ಒಂದ ಮಾತ ಕೇಳಬೇಕಿತ್ತಲ್ಲಪಾ, ತಿಂಡಿ ಅಂದ್ರ ಏನ್ರಿ ಅಂತ" ಅಂದಳು. ನನ್ನ ಹೆಸರು ಎತ್ತಲಿಲ್ಲ.

ಈ ನವೆಂಬರಿಗೂ ಪಟ್ಟಿ ಬಂತು. ನಾನು ಡೈಲಾಗ್ ಹೊಡೀಲಿಲ್ಲ. ಕೆಳಗೆ ಒಂದು ಸಾಲು ಸೇರಿಸಿದೆ: ತಿಂಡಿ – ತಿಂಡಿ. ಮೂರು ಜನ ನಗುವ ಮುಖ ಹಾಕಿದರು. ಒಬ್ಬಳು ಮಾತ್ರ, ಚಾಮರಾಜನಗರದ ಹುಡುಗಿ, "ಎರಡೂ ಒಂದೇ ಅಲ್ವಾ? ಹಂಗಂದ್ರೇನು?" ಅಂತ ಕೇಳಿದಳು. ಅವಳಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ.