ನಾಡಿ ಸಿಕ್ಕಿತು, ಚಿಂತೆ ಸಿಗಲಿಲ್ಲ

ಎರಡು ಸಾವಿರ ರೂಪಾಯಿಯೊಳಗೆ ಸಿಗುವ ಸ್ಮಾರ್ಟ್‌ವಾಚಿನಲ್ಲೂ ಈಗ ‘ಸ್ಟ್ರೆಸ್’ ಅಳೆಯುವ ಸೌಲಭ್ಯ ಇರುತ್ತದೆ. ಒತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಒಂದು ಅಂಕಿ ಮೂಡುತ್ತದೆ. ಕಬ್ಬಿನ ಬಿಲ್ಲಿಗೆ ಕಾದು ಕುಳಿತ ಮುಧೋಳದ ರೈತನಿಗೂ ಅಂಕಿ, ಜಾತ್ರೆಯಲ್ಲಿ ಕುಣಿದು ಬಂದ ಹುಡುಗನಿಗೂ ಅಂಕಿ. ಆಟಿಕೆ ಎಂದು ನಕ್ಕು ಬಿಡಬಹುದಿತ್ತು. ಆದರೆ ಇದೇ ತಂತ್ರವನ್ನು ಮಾನಸಿಕ ಆರೋಗ್ಯ ಸೇವೆಯ ಮುಂದಿನ ದಾರಿಯೆಂದು, ಅದರಲ್ಲೂ ಮನೋವೈದ್ಯರು ಹತ್ತಿರದಲ್ಲಿಲ್ಲದ ಊರುಗಳಿಗೆ ಹೇಳಿ ಮಾಡಿಸಿದ್ದೆಂದು ಹೊಗಳುವವರಿದ್ದಾರೆ. ಆ ಹೊಗಳಿಕೆಯನ್ನು ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಬದುಕಿಗೆ ಒರೆ ಹಚ್ಚಿ ನೋಡಬೇಕು.

ಮಣಿಕಟ್ಟಿನ ಪಟ್ಟಿ ನಿಜವಾಗಿ ಅಳೆಯುವುದು ಕೆಲವೇ ಸಂಗತಿಗಳನ್ನು. ಹಸಿರು ಬೆಳಕನ್ನು ಚರ್ಮದೊಳಗೆ ಬಿಟ್ಟು ರಕ್ತದ ಏರಿಳಿತದಿಂದ ನಾಡಿ ಹಿಡಿಯುತ್ತದೆ. ಎರಡು ಬಡಿತಗಳ ನಡುವಿನ ಅಂತರ ಎಷ್ಟು ಹೆಚ್ಚುಕಡಿಮೆಯಾಗುತ್ತದೆ ಎಂದು ಲೆಕ್ಕ ಹಾಕುತ್ತದೆ. ಕೈಯ ಅಲುಗಾಟ ಗುರುತಿಸುತ್ತದೆ. ದುಬಾರಿ ಪಟ್ಟಿಗಳು ಬೆವರಿನಿಂದ ಚರ್ಮದ ವಿದ್ಯುತ್ ವಾಹಕತೆ ಬದಲಾಗುವುದನ್ನೂ ನೋಡುತ್ತವೆ. ಯಂತ್ರಕ್ಕೆ ಭಾವನೆಯ ಸುಳಿವು ಹಿಡಿಯುವುದನ್ನು ಕಲಿಸಬೇಕೆಂದು 1997ರಲ್ಲೇ ಪುಸ್ತಕ ಬರೆದ ಅಮೆರಿಕದ ಎಂಐಟಿಯ ರೋಸಲಿಂಡ್ ಪಿಕಾರ್ಡ್ ಈ ಕ್ಷೇತ್ರದ ಹಿರಿಯರು. ಅವರು ಸಹಸ್ಥಾಪಕಿಯಾಗಿರುವ ಎಂಪಾಟಿಕಾ ಕಂಪನಿಯ ಎಂಬ್ರೇಸ್ ಪಟ್ಟಿಗೆ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. ಯಾವುದಕ್ಕೆ? ಮೂರ್ಛೆರೋಗದ ಸೆಳವು ಪತ್ತೆ ಮಾಡಲು. ಸೆಳವು ಮೈಯಲ್ಲಿ ಕಾಣುತ್ತದೆ, ಅಳತೆಗೆ ಸಿಗುತ್ತದೆ. ಖಿನ್ನತೆ ಅಷ್ಟು ಸುಲಭವಾಗಿ ಸಿಗುವಂಥದ್ದಲ್ಲ.

ಬನಹಟ್ಟಿಯ ಕೈಮಗ್ಗದ ಮುಂದೆ ಕುಳಿತ ನೇಕಾರನನ್ನು ನೆನೆಯಿರಿ. ಒಂದು ಕೈ ಲಾಳಿಯ ಹಗ್ಗ ಎಳೆಯುತ್ತದೆ, ಇನ್ನೊಂದು ಹಲಗೆ ಬಡಿಯುತ್ತದೆ, ಕೆಳಗೆ ಕಾಲು ತುಳಿಯುತ್ತಿರುತ್ತದೆ. ಕೈಯ ತೂಗಾಟವನ್ನೇ ಹೆಜ್ಜೆಯೆಂದು ಎಣಿಸುವ ಪಟ್ಟಿ ಕುಳಿತಲ್ಲೇ ಅವನನ್ನು ಮೈಲುಗಟ್ಟಲೆ ನಡೆಸಿಬಿಡಬಹುದು. ಪವರ್‌ಲೂಮಿನವನಾದರೆ ನಿಂತಲ್ಲೇ ನಿಂತು, ಕಿವಿಗಡಚಿಕ್ಕುವ ಸದ್ದಿನಲ್ಲಿ ಪಾಳಿ ಮುಗಿಸುತ್ತಾನೆ. ಅವನನ್ನು ಅದು ಸೋಮಾರಿ ಎನ್ನಬಹುದು. ಏಪ್ರಿಲ್‌-ಮೇ ತಿಂಗಳ ನಲವತ್ತು ಡಿಗ್ರಿ ಬಿಸಿಲಿನಲ್ಲಿ ಬೆವರು ಹರಿದರೆ ಅದು ಆತಂಕವೋ ಸೆಕೆಯೋ ಎಂದು ಚರ್ಮದ ವಾಹಕತೆ ಹೇಗೆ ಹೇಳೀತು? ತಂಬಾಕು ಬಾಯಿಗೆ ಹಾಕಿಕೊಂಡರೂ ನಾಡಿ ಏರುತ್ತದೆ, ಖಡಕ್ ಚಹಾ ಕುಡಿದರೂ ಏರುತ್ತದೆ. ಇನ್ನು ಮುಂಗೈ ತುಂಬ ಹಚ್ಚೆ ಹಾಕಿಸಿಕೊಂಡ ಅಜ್ಜಿಯರು ಈ ಭಾಗದಲ್ಲಿ ಈಗಲೂ ಸಿಗುತ್ತಾರೆ. ಹಚ್ಚೆಯ ಬಣ್ಣ ಬೆಳಕಿಗೆ ಅಡ್ಡ ಬಂದು ಅಳತೆ ತಪ್ಪಬಹುದೆಂದು ಆ್ಯಪಲ್ ಕಂಪನಿಯೇ ತನ್ನ ವಾಚಿನ ಬಗ್ಗೆ ಹೇಳಿಕೊಂಡಿದೆ.

ನಿದ್ದೆಯ ವಿಚಾರ ಇನ್ನೂ ತೊಡಕಿನದು. ಇಲ್ಲಿ ಮನಸ್ಸಿನ ಬೇನೆ ಬಹುತೇಕ ನಿದ್ದೆಯ ದೂರಾಗಿಯೇ ವೈದ್ಯರ ಮುಂದೆ ಬರುತ್ತದೆ: “ನಿದ್ದಿ ಹತ್ತವಲ್ದು ಸರ್, ಎದಿ ಡವ ಡವ ಅಂತೈತಿ.” ಅಲುಗಾಟವಿಲ್ಲದೆ ಮಲಗಿದವರನ್ನು ನಿದ್ದೆ ಹೋದವರೆಂದು ಎಣಿಸುವ ಚಾಳಿ ಈ ಪಟ್ಟಿಗಳಿಗಿದೆ. ಸಾಲದ ಚಿಂತೆಯಲ್ಲಿ ಕಣ್ಣು ಬಿಟ್ಟುಕೊಂಡು ಜಂತಿ ಎಣಿಸುತ್ತ ಬಿದ್ದವನ ಲೆಕ್ಕದಲ್ಲಿ ಬೆಳಿಗ್ಗೆ ಗಡದ್ದು ನಿದ್ದೆ ತೋರಿದರೆ ಆಶ್ಚರ್ಯವಿಲ್ಲ. ಇನ್ನೊಂದು ಕಡೆ, ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಗೆ ಬಂದಾಗ ರೈತ ಬ್ಯಾಟರಿ ಹಿಡಿದು ಕಬ್ಬಿಗೆ ನೀರು ಹಾಯಿಸಲು ಹೋಗುತ್ತಾನೆ. ನಸುಕಿನವರೆಗೆ ಎಚ್ಚರ. ಆಗ ಪಟ್ಟಿ ಅವನಿಗೆ ನಿದ್ರಾಹೀನತೆಯ ಎಚ್ಚರಿಕೆ ಕೊಡುತ್ತದೆ. ಅವನ ನಿದ್ದೆ ಕೆಡಿಸಿದ್ದು ವಿದ್ಯುತ್ ವೇಳಾಪಟ್ಟಿ. ಅದಕ್ಕೆ ಮಾತ್ರೆ ಎಲ್ಲಿಂದ ತರುವುದು?

ದನಿಯಿಂದಲೂ ಮನಸ್ಸು ಓದುವ ಪ್ರಯತ್ನ ನಡೆದಿತ್ತು. ಅಮೆಜಾನ್ 2020ರಲ್ಲಿ ತಂದ ಹೇಲೋ ಪಟ್ಟಿ ಧರಿಸಿದವರ ಮಾತಿನ ಧಾಟಿ ಕೇಳಿ ಅವರ ಲಹರಿ ಎಂಥದ್ದೆಂದು ಹೇಳುತ್ತಿತ್ತು. 2023ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು. ಒಳ್ಳೆಯದೇ ಆಯಿತು. ಜಮಖಂಡಿಯ ಸಂತೆಯಲ್ಲಿ ಇಬ್ಬರು ಬೀಗರು ಯೋಗಕ್ಷೇಮ ವಿಚಾರಿಸುವುದನ್ನು ಕೇಳಿದ ಮೈಸೂರಿನವರೇ ಜಗಳವೆಂದು ತಿಳಿಯುತ್ತಾರೆ, ಯಂತ್ರದ ಪಾಡೇನು!

ಇಷ್ಟೆಲ್ಲ ಹೇಳಿದ ಮೇಲೂ ಈ ಸಾಧನವನ್ನು ತಳ್ಳಿಹಾಕಲು ನಾನು ತಯಾರಿಲ್ಲ. ಒಬ್ಬ ಮನುಷ್ಯನನ್ನು ಇನ್ನೊಬ್ಬನ ಜೊತೆ ಹೋಲಿಸುವಾಗ ಅದು ಎಡವುತ್ತದೆ. ಅದೇ ಮನುಷ್ಯನನ್ನು ಅವನ ನಿನ್ನೆ-ಮೊನ್ನೆಗಳ ಜೊತೆ ಹೋಲಿಸುವಾಗ ಕೆಲಸಕ್ಕೆ ಬರುತ್ತದೆ. ಬೈಪೋಲಾರ್ ಕಾಯಿಲೆಯಲ್ಲಿ ಉನ್ಮಾದ ಏರುವ ಮುನ್ನ ನಿದ್ದೆಯ ಅಗತ್ಯವೇ ತಗ್ಗುತ್ತ ಬರುವುದುಂಟು. ಎರಡು-ಮೂರು ತಾಸು ಮಲಗಿದರೂ ದಣಿವಿಲ್ಲ, ಮೈತುಂಬ ಹುರುಪು. ಮನೆಯವರಿಗೆ ಮೊದಲ ದಿನಗಳಲ್ಲಿ ಅದು ಒಳ್ಳೆಯ ಲಕ್ಷಣವಾಗಿಯೇ ಕಾಣುತ್ತದೆ: “ಈಗ ಆರಾಮ ಆಗ್ಯಾನ, ನಸುಕಿನ್ಯಾಗ ಎದ್ದು ಕೆಲಸ ಮಾಡ್ತಾನ.” ಒಂದೇ ಕೈಯಲ್ಲಿ ತಿಂಗಳುಗಟ್ಟಲೆ ಇದ್ದ ಪಟ್ಟಿ ಆ ಬದಲಾವಣೆಯನ್ನು ಮನೆಯವರಿಗಿಂತ ಮುಂಚೆ ಹಿಡಿಯಬಲ್ಲದು. ಮಾತ್ರೆಯಿಂದ ಮಂಕಾಗಿ ದಿನವಿಡೀ ಬಿದ್ದುಕೊಂಡವರನ್ನೂ ಅದು ತೋರಿಸಿಕೊಡುತ್ತದೆ.

ಹಿಡಿದ ಮೇಲೆ ಯಾರಿಗೆ ಹೇಳುವುದು? ನನ್ನ ತಕರಾರಿನ ತಿರುಳು ಇಲ್ಲಿದೆ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಚಿಕಿತ್ಸೆ ಬೇಕಿದ್ದೂ ಸಿಗದವರು, ಕಾಯಿಲೆಗೆ ತಕ್ಕಂತೆ, ನೂರಕ್ಕೆ 70ರಿಂದ 92. ಅಳೆಯುವ ಯಂತ್ರವಿಲ್ಲದ್ದಕ್ಕೆ ಅವರು ಹೊರಗುಳಿದವರಲ್ಲ. ಕರ್ನಾಟಕದಲ್ಲಿ ಮನೋಚೈತನ್ಯ ಯೋಜನೆಯಡಿ ಮನೋವೈದ್ಯರು ಗೊತ್ತುಪಡಿಸಿದ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದೆ. ಯೋಚನೆ ಒಳ್ಳೆಯದು. ಆದರೆ ಬುಧವಾರ ರಾತ್ರಿ ಪಟ್ಟಿ ಕೆಂಪು ದೀಪ ತೋರಿಸಿದರೆ? ಮುಂದಿನ ಸರದಿಯವರೆಗೆ ಆ ದೀಪ ನೋಡುತ್ತ ಕೂರುವುದು ಮನೆಯವರಿಗೆ ಹೊಸದೊಂದು ಸಂಕಟ. ಇಲ್ಲದಿದ್ದರೆ ಬಸ್ಸು ಹಿಡಿದು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಬೇಕು, ಒಂದು ದಿನದ ಕೂಲಿ ಬಿಡಬೇಕು.

ಗುಟ್ಟಿನ ಪ್ರಶ್ನೆಯೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಮಾಹಿತಿಯನ್ನು ಗೋಪ್ಯವಾಗಿಡುವ ಹಕ್ಕು ಕೊಟ್ಟಿದೆ. ಆದರೆ ಮನೆಗೊಂದೇ ಮೊಬೈಲ್ ಇದ್ದು, ಅದು ಗಂಡನ ಜೇಬಿನಲ್ಲಿದ್ದರೆ ಹೆಂಡತಿಯ ನಿದ್ದೆಯ ಲೆಕ್ಕ ಅವಳ ಗುಟ್ಟಾಗಿ ಉಳಿಯುವುದೆಲ್ಲಿ? ಮದುವೆಗೆ ಬಂದ ಮಗಳ ಕೈಯಲ್ಲಿ ಆಸ್ಪತ್ರೆ ಕೊಟ್ಟ ಪಟ್ಟಿ ಕಂಡರೆ ಓಣಿಯೆಲ್ಲ ಕೇಳುತ್ತದೆ.

ಕೃಷ್ಣೆ, ಘಟಪ್ರಭೆಯರು 2019ರ ಆಗಸ್ಟ್‌ನಲ್ಲಿ ಊರೊಳಗೆ ನುಗ್ಗಿದ್ದನ್ನು ಕಂಡವರಿಗೆ, ಆಲಮಟ್ಟಿಯ ಹಿನ್ನೀರಿಗೆ ಹೊಲ-ಮನೆ ಕೊಟ್ಟು ಪುನರ್ವಸತಿ ಕೇಂದ್ರ ಸೇರಿದ ಬೀಳಗಿಯ ಕುಟುಂಬಗಳಿಗೆ, ನೂಲಿನ ದರ ಏರಿದಾಗಲೆಲ್ಲ ಕಂಗೆಡುವ ರಬಕವಿಯ ನೇಕಾರರಿಗೆ ಚಿಂತೆಯ ಕಾರಣ ಚೆನ್ನಾಗಿ ಗೊತ್ತಿದೆ. ಅದನ್ನು ಕೂತು ಕೇಳುವವರು ಬೇಕು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ದೂರವಾಣಿ ಸಹಾಯವಾಣಿ ಈ ದಿಕ್ಕಿನಲ್ಲಿ ಪಟ್ಟಿಗಿಂತ ದೊಡ್ಡ ಹೆಜ್ಜೆ. ಅಲ್ಲಿ ಇನ್ನೊಂದು ತುದಿಯಲ್ಲಿ ಮನುಷ್ಯರಿದ್ದಾರೆ, ಕನ್ನಡದಲ್ಲಿ ಮಾತಾಡುತ್ತಾರೆ.

ಈ ನಾಲ್ಕು ತಾಲ್ಲೂಕುಗಳಿಗೆ ಪಟ್ಟಿ ತರಬೇಕೆಂದಿರುವವರಲ್ಲಿ ಒಂದು ವಿನಂತಿ. ಎಲ್ಲರ ಕೈಗೂ ಕಟ್ಟಬೇಡಿ. ಈಗಾಗಲೇ ಚಿಕಿತ್ಸೆಯಲ್ಲಿರುವ, ತಾವಾಗಿ ಒಪ್ಪಿದ ಬೈಪೋಲಾರ್ ರೋಗಿಗಳಿಂದ ಆರಂಭಿಸಿ. ಅದಕ್ಕೂ ಮೊದಲು, ಪಟ್ಟಿ ಎಚ್ಚರಿಸಿದ ದಿನವೇ ಫೋನ್ ಮಾಡಿ “ಹ್ಯಾಂಗದೀರಿ, ಊಟ ಆತೇನ್ರಿ?” ಎಂದು ಕೇಳುವ ಒಬ್ಬ ನರ್ಸನ್ನು ಪ್ರತಿ ತಾಲ್ಲೂಕಿಗೂ ನೇಮಿಸಿ. ನರ್ಸಿನ ಸಂಬಳಕ್ಕೆ ದುಡ್ಡಿಲ್ಲವೆಂದಾದರೆ ಪಟ್ಟಿ ಕೊಳ್ಳುವ ದುಡ್ಡನ್ನೇ ಅದಕ್ಕೆ ಹಾಕಿ. ಅಲ್ಲಿಯವರೆಗೆ, ಮನೆಯಲ್ಲಿ ಯಾರಾದರೂ ನಿದ್ದೆಯಿಲ್ಲದೆ ನರಳುತ್ತಿದ್ದರೆ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು-ರಾತ್ರಿ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ.